ಬೆಳ್ಳಗಿರುವುದೆಲ್ಲ ಹಾಲಲ್ಲ

ಎರಡು ತಿಂಗಳ ಹಿಂದಿನ ಮಾತು. ಚಿಕ್ಕೋಡಿಯಲ್ಲಿರುವ ನನ್ನ ದವಾಖಾನೆಗೆ ಒಬ್ಬ ಹಿರಿಯರನ್ನು ಅವರ ಸೊಸೆ ಕರೆದುಕೊಂಡು ಬಂದಿದ್ದರು. ಜೊತೆಗೆ ಏಳೆಂಟು ವರ್ಷದ ಮೊಮ್ಮಗಳು. ಹಿರಿಯರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ ತಪ್ಪಿಸುವವರಲ್ಲ, ಬೆಳಗಿನ ನಡಿಗೆ ಬಿಡುವವರಲ್ಲ. ಆದರೂ ಅಂದು ಊಟದ ನಂತರದ ರಕ್ತದ ಸಕ್ಕರೆ 340 ದಾಟಿತ್ತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಬಾಯಿ ಒಣಗುತ್ತಿತ್ತು. ಕಾಲ್ಬೆರಳಿನ ಸಣ್ಣ ಗಾಯವೊಂದು ಮೂರು ವಾರವಾದರೂ ಮಾಯ್ದಿರಲಿಲ್ಲ.

‘ಸಿಹಿ ಏನಾದರೂ ತಿಂದಿರಾ?’ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಗುಳಿಗೆಯ ಪ್ರಮಾಣ ಹೆಚ್ಚಿಸಲು ಪೆನ್ನು ಕೈಗೆತ್ತಿಕೊಂಡಿದ್ದೆ. ಆಗ ಮೊಮ್ಮಗಳು ಬಾಯಿ ಬಿಟ್ಟಳು: ‘ಅಜ್ಜಾ ದಿನಾ ನನ್ನ ಬಿಳೀ ಬಿಸ್ಕೀಟ ತಿಂತಾನ್ರೀ.’

ವಿಚಾರಿಸಿದಾಗ ಸಂಗತಿ ಹೊರಬಿತ್ತು. ದೀಪಾವಳಿಗೆ ಮನೆಗೆ ಸಣ್ಣ ವಿದ್ಯುತ್ ಓವನ್ ಬಂದಿದೆ. ಸೊಸೆ ಮೊಬೈಲಿನಲ್ಲಿ ನೋಡಿ ಮೆರಾಂಗ್ ಎಂಬ ಕುಕೀ ಮಾಡಲು ಕಲಿತಿದ್ದಾರೆ. ವಾರಕ್ಕೆ ಎರಡು ಸಲ ಮಾಡುತ್ತಾರೆ. ಬಾಯಿಗಿಟ್ಟರೆ ಕರಗುವ ಆ ಬಿಲ್ಲೆಗಳನ್ನು ಹಲ್ಲಿಲ್ಲದ ಅಜ್ಜ ದಿನಕ್ಕೆ ಎಂಟು ಹತ್ತು ತಿನ್ನುತ್ತಾರೆ. ‘ಇದರಲ್ಲಿ ಮೈದಾ ಇಲ್ಲ, ಡಾಲ್ಡಾ ಇಲ್ಲ, ಬೆಣ್ಣೆ ಇಲ್ಲ. ಬರೀ ಮೊಟ್ಟೆಯ ಬಿಳಿ. ಮಾವನವರಿಗೆ ಮೊಟ್ಟೆಯ ಬಿಳಿ ಭಾಗ ಕೊಡಬಹುದು ಎಂದು ನೀವೇ ಹೇಳಿದ್ದಿರಲ್ಲ ಡಾಕ್ಟರೇ?’ ಎಂದು ಅವರು ಮುಗ್ಧವಾಗಿ ಕೇಳಿದರು.

‘ಮತ್ತೆ ಸಕ್ಕರೆ?’ ಎಂದೆ. ‘ಹಾಕಲೇಬೇಕಲ್ಲ, ಇಲ್ಲದಿದ್ದರೆ ನೊರೆ ನಿಲ್ಲುವುದಿಲ್ಲ’ ಎಂದರು. ಅವರ ಮಟ್ಟಿಗೆ ಸಕ್ಕರೆ ಎಂಬುದು ಗೋಡೆಗೆ ಹಾಕುವ ಸಿಮೆಂಟಿನಂತೆ ಒಂದು ಸಾಮಾನು ಮಾತ್ರ ಆಗಿತ್ತು. ಅದು ಸಿಹಿ ಎಂದು ಲೆಕ್ಕಕ್ಕೆ ಬಂದಿರಲೇ ಇಲ್ಲ.

ಅವರನ್ನು ನಾನು ಬಯ್ಯಲಿಲ್ಲ. ಬಯ್ಯುವುದಾದರೆ ಮೊದಲು ನನ್ನನ್ನೇ ಬಯ್ದುಕೊಳ್ಳಬೇಕಿತ್ತು. ‘ಬಿಳಿ ಭಾಗ ಕೊಡಿ’ ಎಂಬ ಅರ್ಧ ಮಾತನ್ನು ಹೇಳಿ ಮುಂದಿನ ರೋಗಿಯನ್ನು ಕರೆದವನು ನಾನೇ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಇಂದು ಪೂರ್ತಿಯಾಗಿ ಹೇಳುತ್ತೇನೆ. ನಿಮ್ಮ ಮನೆಗೂ ಓವನ್ ಬಂದಿದ್ದರೆ ಇದು ನಿಮಗೂ ಬೇಕಾದ ಮಾತು.

ಇದು ಏನು?

ಮೆರಾಂಗ್ ಫ್ರಾನ್ಸಿನ ಹೆಸರು. 1692ರಲ್ಲಿ ಅಚ್ಚಾದ ಫ್ರೆಂಚ್ ಅಡುಗೆ ಪುಸ್ತಕವೊಂದರಲ್ಲಿ ಈ ಹೆಸರು ಕಾಣಿಸಿಕೊಂಡಿತು. ನಮ್ಮ ದೇಶಕ್ಕೂ ಇದು ತೀರ ಹೊಸದೇನಲ್ಲ. ತಮಿಳುನಾಡಿನ ತೂತ್ತುಕ್ಕುಡಿಯ ಬೇಕರಿಗಳಲ್ಲಿ ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿ ಪುಡಿ ಸೇರಿಸಿ ಮಾಡುವ ಮೆಕರೂನ್ ಇದರ ಹತ್ತಿರದ ನೆಂಟ. ನೋಡಲು ಮಾತ್ರ ನಮ್ಮ ಜಾತ್ರೆಯ ಬತ್ತಾಸಿನ ಹಾಗೆಯೇ ಇರುತ್ತದೆ: ಬೆಳ್ಳಗೆ, ಹಗುರ, ಒಳಗೆಲ್ಲ ಗಾಳಿ.

ಮೊಟ್ಟೆಯ ಬಿಳಿ ಲೋಳೆಯಲ್ಲಿ ನೂರಕ್ಕೆ ಸುಮಾರು 88 ಪಾಲು ನೀರು. ಉಳಿದುದರಲ್ಲಿ ಬಹುಪಾಲು ಪ್ರೊಟೀನು. ಅದನ್ನು ಚೆನ್ನಾಗಿ ಕಡೆದಾಗ ಸುರುಳಿ ಸುತ್ತಿಕೊಂಡಿದ್ದ ಪ್ರೊಟೀನಿನ ಎಳೆಗಳು ಬಿಚ್ಚಿಕೊಂಡು ಗಾಳಿಯ ಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತವೆ. ಅದೇ ನೊರೆ. ಎಣ್ಣೆಯ ಜಿಡ್ಡು ಅಥವಾ ಹಳದಿ ಭಾಗದ ಒಂದು ಹನಿ ಸೇರಿದರೂ ಈ ಪೊರೆ ಕಟ್ಟುವುದಿಲ್ಲ. ಆದ್ದರಿಂದಲೇ ಹಳದಿಯನ್ನು ಪೂರ್ತಿ ಬೇರ್ಪಡಿಸುತ್ತಾರೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ನೊರೆ ಕುಸಿಯದಂತೆ ಕಾಪಾಡುತ್ತದೆ. ನಂತರ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟಾಗ ನೀರು ಆರಿ ಗರಿಗರಿಯಾಗುತ್ತದೆ. ಆದ್ದರಿಂದ ಇದನ್ನು ಬೇಯಿಸುವುದು ಎನ್ನುವುದಕ್ಕಿಂತ ಒಣಗಿಸುವುದು ಎನ್ನಬೇಕು.

ಸೊಸೆ ಹೇಳಿದ ಮಾತು ಇಲ್ಲಿ ನಿಜ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಮೆರಾಂಗ್ ಆಗುವುದೇ ಇಲ್ಲ. ಸಕ್ಕರೆಯ ಬದಲು ಬಳಸುವ ಸಿಹಿ ಗುಳಿಗೆಗೆ ನೊರೆಯನ್ನು ನಿಲ್ಲಿಸುವ ಶಕ್ತಿ ಇಲ್ಲ. ಬೆಲ್ಲ ಹಾಕಿದರೆ ಬಣ್ಣ ಬದಲಾದೀತು, ದೇಹದಲ್ಲಿ ಆಗುವ ಕೆಲಸ ಬದಲಾಗದು.

ಲೆಕ್ಕ ಹಾಕಿ ನೋಡೋಣ

ಮೂರು ಮೊಟ್ಟೆಯ ಬಿಳಿ ಸುಮಾರು 100 ಗ್ರಾಂ. ಅದಕ್ಕೆ ಹಾಕುವ ಸಕ್ಕರೆ ಕಡಿಮೆ ಎಂದರೂ 150 ಗ್ರಾಂ. ಒಣಗಿದ ಮೇಲೆ ಉಳಿಯುವ ಮೊಟ್ಟೆಯ ಅಂಶ ಹನ್ನೆರಡು ಗ್ರಾಂ ಅಷ್ಟೆ. ಅಂದರೆ ತಟ್ಟೆಯಲ್ಲಿ ಇರುವುದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಸಕ್ಕರೆಯೇ. ಇದರಿಂದ 30 ಬಿಲ್ಲೆ ಮಾಡಿದರೆ ಒಂದೊಂದರಲ್ಲಿ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಸಕ್ಕರೆ ಇರುತ್ತದೆ. ಪ್ರೊಟೀನು ಅರ್ಧ ಗ್ರಾಂ ಕೂಡ ಇಲ್ಲ.

ಒಂದು ಇಡೀ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನು ಇರುತ್ತದೆ. ಅಷ್ಟನ್ನು ಮೆರಾಂಗ್‌ನಿಂದ ಪಡೆಯಬೇಕಾದರೆ ಹದಿನಾರು ಹದಿನೇಳು ಬಿಲ್ಲೆ ತಿನ್ನಬೇಕು. ಜೊತೆಗೆ 80 ಗ್ರಾಂಗಿಂತ ಹೆಚ್ಚು ಸಕ್ಕರೆ ಹೊಟ್ಟೆ ಸೇರುತ್ತದೆ. ಇದನ್ನು ಮೊಟ್ಟೆಯ ತಿಂಡಿ ಎಂದು ಕರೆಯುವುದು, ಕಬ್ಬಿನ ಗಾಡಿಯ ಮೇಲೆ ಕುಳಿತ ಹುಡುಗನನ್ನು ತೋರಿಸಿ ಇದು ಹುಡುಗನ ಗಾಡಿ ಎಂದಂತೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಪ್ರಕಾರ ನಾವು ಸೇರಿಸಿಕೊಳ್ಳುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ನ್ನು ಮೀರಬಾರದು; ಶೇಕಡ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ಆ ಶೇಕಡ 5 ಎಂದರೆ 25 ಗ್ರಾಂ, ಅಂದರೆ ಐದು ಬಿಲ್ಲೆ. ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ. ಚಹಾ, ಬಿಸ್ಕತ್ತು, ತಂಪು ಪಾನೀಯ, ಸಾರಿಗೆ ಹಾಕುವ ಚೂರು ಬೆಲ್ಲ ಎಲ್ಲವೂ ಇದೇ ಲೆಕ್ಕಕ್ಕೆ ಸೇರಬೇಕು. ನಮ್ಮ ಹಿರಿಯರು ಬಿಲ್ಲೆಗಳಿಂದಲೇ ದಿನಕ್ಕೆ 40ರಿಂದ 50 ಗ್ರಾಂ ಸಕ್ಕರೆ ತಿನ್ನುತ್ತಿದ್ದರು. ಬಾಯಲ್ಲಿ ಕರಗುವ ಈ ಸಕ್ಕರೆ ತಡೆಯಿಲ್ಲದೆ ರಕ್ತಕ್ಕೆ ಸೇರುತ್ತದೆ. ನಾರು, ಕಾಳು, ಜಿಡ್ಡು ಯಾವುದೂ ಅದರ ವೇಗ ತಗ್ಗಿಸಲು ಅಲ್ಲಿಲ್ಲ.

ಕಬ್ಬಿನ ಸೀಮೆಯಲ್ಲಿ

ನಮ್ಮದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಕುಡಿದು ಬೆಳೆದ ಕಬ್ಬಿನ ಸೀಮೆ. ಉಗಾರ ಖುರ್ದದ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ಹಂಗಾಮು ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳದ್ದೇ ಸಾಲು. ಸಕ್ಕರೆ ನಮಗೆ ಅನ್ನ ಕೊಡುವ ಬೆಳೆ. ಅದನ್ನು ವಿಷ ಎಂದು ಹೇಳುವ ಉದ್ದೇಶ ನನ್ನದಲ್ಲ.

ಆದರೆ ನಮ್ಮ ಅಜ್ಜಿಯರು ಸಕ್ಕರೆಯನ್ನು ಹೇಗೆ ಇಟ್ಟಿದ್ದರು ಎಂದು ಸ್ವಲ್ಪ ನೆನಪಿಸಿಕೊಳ್ಳಿ. ಸಂಕ್ರಾಂತಿಗೆ ಕುಸುರೆಳ್ಳು. ಯುಗಾದಿಗೆ ಮಕ್ಕಳ ಕೊರಳಿಗೆ ಸಕ್ಕರೆ ಸರ. ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆ ಆರತಿ. ಊರ ಜಾತ್ರೆಗೆ ಬತ್ತಾಸು. ಇವೆಲ್ಲ ಅಪ್ಪಟ ಸಕ್ಕರೆಯೇ. ಆದರೆ ಪ್ರತಿಯೊಂದಕ್ಕೂ ಪಂಚಾಂಗದಲ್ಲಿ ಒಂದು ದಿನವಿತ್ತು. ಆ ದಿನ ಬಂದಾಗ ಮನೆಮಂದಿ ಹಂಚಿ ತಿನ್ನುತ್ತಿದ್ದರು. ದಿನ ಕಳೆದ ಮೇಲೆ ಡಬ್ಬಿ ಖಾಲಿಯಾಗುತ್ತಿತ್ತು. ಕುಸುರೆಳ್ಳನ್ನು ಯಾರೂ ಆರೋಗ್ಯಕ್ಕೆ ಒಳ್ಳೆಯದೆಂದು ದಿನಾಲು ಅಜ್ಜನಿಗೆ ಕೊಡುತ್ತಿರಲಿಲ್ಲ.

ಹೊಸ ತಿಂಡಿಗಳಿಗೆ ಇಂಥ ದಿನವಿಲ್ಲ. ಯಾವ ಭಾನುವಾರವಾದರೂ ಮಾಡಬಹುದು, ಯಾವ ಸಂಜೆಯಾದರೂ ತಿನ್ನಬಹುದು. ಮೇಲಾಗಿ ‘ಮನೆಯಲ್ಲಿ ಮಾಡಿದ್ದು’ ಎಂಬ ಸಮಾಧಾನ ಬೇರೆ. ಮನೆಯಲ್ಲಿ ಮಾಡಿದ್ದರಲ್ಲಿ ಸ್ವಚ್ಛತೆ ಇರುತ್ತದೆ, ಕಲಬೆರಕೆ ಇರುವುದಿಲ್ಲ, ಒಪ್ಪಿದೆ. ಆದರೆ ಮನೆಯ ಸಕ್ಕರೆಯೂ ಸಕ್ಕರೆಯೇ. ಇಲ್ಲಿ ನನಗೆ ಆತಂಕ ಹುಟ್ಟಿಸುವುದು ಕುಕೀ ಅಲ್ಲ, ಅದರ ಬಗ್ಗೆ ಇರುವ ನಂಬಿಕೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಅವರಲ್ಲಿ ಅನೇಕರು ತಿಳಿದು ತಪ್ಪುವವರಲ್ಲ. ‘ಇದರಲ್ಲಿ ಏನೂ ಇಲ್ಲ’ ಎಂದು ನಂಬಿ ತಿನ್ನುವವರು.

ಹಳದಿ ಎಲ್ಲಿಗೆ ಹೋಯಿತು?

ನಾನು ಆ ಸೊಸೆಯನ್ನು ಇನ್ನೊಂದು ಪ್ರಶ್ನೆ ಕೇಳಿದೆ: ‘ಹಳದಿ ಭಾಗ ಏನು ಮಾಡುತ್ತೀರಿ?’ ಅವರು ಸಂಕೋಚದಿಂದ ‘ಚೆಲ್ಲುತ್ತೇವೆ, ಕೊಲೆಸ್ಟರಾಲ್ ಅಲ್ಲವೇ?’ ಎಂದರು.

ಇದೂ ವೈದ್ಯರೇ ಕಲಿಸಿದ ಪಾಠ. 1968ರಲ್ಲಿ ಅಮೆರಿಕದ ಹೃದಯ ಸಂಘ ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದಿತು. ಅದನ್ನೇ ನಾವೆಲ್ಲ ಓದಿ ಹೇಳಿದೆವು. ಆದರೆ ತಿಳಿವಳಿಕೆ ಬದಲಾಗಿದೆ. ಹೆಚ್ಚಿನವರಲ್ಲಿ ರಕ್ತದ ಕೊಲೆಸ್ಟರಾಲನ್ನು ಏರಿಸುವುದರಲ್ಲಿ ಮೊಟ್ಟೆಗಿಂತ ತುಪ್ಪ, ಡಾಲ್ಡಾದಂಥ ಗಟ್ಟಿ ಜಿಡ್ಡಿನ ಪಾಲು ಹೆಚ್ಚು. ಅಮೆರಿಕದ 2015ರ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಕೈಬಿಟ್ಟಿತು. ಆರೋಗ್ಯವಂತರು ದಿನಕ್ಕೊಂದು ಇಡೀ ಮೊಟ್ಟೆ ತಿನ್ನಬಹುದು. ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ವಂಶದಲ್ಲೇ ಹೆಚ್ಚು ಕೊಲೆಸ್ಟರಾಲ್ ಇರುವವರು ಎಷ್ಟು ತಿನ್ನಬೇಕೆಂದು ತಮ್ಮ ವೈದ್ಯರನ್ನು ಕೇಳಲಿ.

ಬೆಳೆಯುವ ಮಗುವಿಗಂತೂ ಹಳದಿಯೇ ಮೊಟ್ಟೆಯ ಖಜಾನೆ. ಎ ಮತ್ತು ಡಿ ಜೀವಸತ್ವಗಳೆಲ್ಲ ಅದರಲ್ಲಿವೆ. ಬಿ 12ರ ಬಹುಪಾಲು ಅದರಲ್ಲಿದೆ. ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್ ಬಹುತೇಕ ಅದರಲ್ಲೇ ಇದೆ. ಪ್ರೊಟೀನಿನಲ್ಲಿಯೂ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಳದಿಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದನ್ನು ಕಂಡೇ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದು. 2024ರ ಸೆಪ್ಟೆಂಬರಿನಲ್ಲಿ ಅದು ವಾರಕ್ಕೆ 6 ದಿನವಾಯಿತು. ಶಾಲೆಯಲ್ಲಿ ಮಗುವಿಗೆ ಕೊಡುವುದು ಇಡೀ ಮೊಟ್ಟೆ. ಮನೆಯಲ್ಲಿ ನಾವು ಅದೇ ಮೊಟ್ಟೆಯನ್ನು ಎರಡು ಮಾಡಿ, ಒಳ್ಳೆಯ ಭಾಗವನ್ನು ಚೆಲ್ಲಿ, ಉಳಿದುದಕ್ಕೆ ಒಂದೂವರೆ ಪಟ್ಟು ಸಕ್ಕರೆ ಬೆರೆಸಿ ಅದೇ ಮಗುವಿಗೆ ಕೊಡುತ್ತೇವೆ. ಇದು ಎಂಥ ವ್ಯಾಪಾರ, ನೀವೇ ಹೇಳಿ.

ಆದ್ದರಿಂದ ಮೆರಾಂಗ್ ಮಾಡಿದ ದಿನ ಹಳದಿಯನ್ನು ಚೆಲ್ಲಬೇಡಿ. ಒಂದು ಇಡೀ ಮೊಟ್ಟೆಯನ್ನು ಅದಕ್ಕೆ ಒಡೆದು ಹಾಕಿ, ಈರುಳ್ಳಿ, ಕೊತ್ತಂಬರಿ ಸೇರಿಸಿ, ಗಟ್ಟಿಯಾಗುವ ತನಕ ಬೇಯಿಸಿ ಮಕ್ಕಳಿಗೆ ಚಪಾತಿಯ ಜೊತೆ ಕೊಡಿ. ಅಂದೇ ಆಗದಿದ್ದರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿ.

ಮಾಡುವಾಗ ಎಚ್ಚರ

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಹೊಟ್ಟೆ ಸೇರಿದ ಆರು ಗಂಟೆಯಿಂದ ಆರು ದಿನಗಳೊಳಗೆ ಜ್ವರ, ಹೊಟ್ಟೆ ನುಲಿತ, ಭೇದಿ ಕಾಣಿಸಿಕೊಳ್ಳುತ್ತವೆ. ದೊಡ್ಡವರು ತಡೆದುಕೊಂಡಾರು, ಎಳೆಯ ಮಕ್ಕಳು, ಗರ್ಭಿಣಿಯರು, ಮುದುಕರು ಕಷ್ಟಕ್ಕೆ ಸಿಕ್ಕುತ್ತಾರೆ. ಬಿರುಕು ಬಿಟ್ಟ, ಹಿಕ್ಕೆ ಅಂಟಿದ ಮೊಟ್ಟೆ ಬಳಸಬೇಡಿ. ಮೊಟ್ಟೆ ಒಡೆದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮುಖ್ಯವಾಗಿ, ಕಡೆದ ನೊರೆಯ ಪಾತ್ರೆಯನ್ನು ಮಕ್ಕಳಿಗೆ ನೆಕ್ಕಲು ಕೊಡಬೇಡಿ. ಅಪಾಯ ಹೆಚ್ಚಾಗಿ ಇರುವುದು ಒಣಗಿದ ಬಿಲ್ಲೆಯಲ್ಲಲ್ಲ, ಈ ಹಸಿ ನೊರೆಯಲ್ಲಿ.

ಇನ್ನೂ ಸುರಕ್ಷಿತವಾದ ಕ್ರಮವೆಂದರೆ, ಬಿಳಿ ಮತ್ತು ಸಕ್ಕರೆಯನ್ನು ಒಂದು ಪಾತ್ರೆಯಲ್ಲಿ ಹಾಕಿ, ಕುದಿಯುವ ನೀರಿನ ಹಬೆಯ ಮೇಲಿಟ್ಟು, 71 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವ ತನಕ ಬಿಡದೆ ಕೈಯಾಡಿಸುವುದು. ಅಡುಗೆಯ ಥರ್ಮಾಮೀಟರ್ ಇದ್ದರೆ ಇದು ಸುಲಭ. ನಂತರ ಅರ್ಧ ಚಮಚ ನಿಂಬೆರಸ ಹಾಕಿ ಕಡೆದು, ಬಟರ್ ಪೇಪರಿನ ಮೇಲೆ ಹನಿಸಿ, 100 ಡಿಗ್ರಿಯ ಓವನ್ನಿನಲ್ಲಿ ಒಂದೂವರೆಯಿಂದ ಎರಡು ಗಂಟೆ ಒಣಗಿಸಿ. ಕುಕ್ಕರಿನಲ್ಲಿ ಉಪ್ಪು ಹಾಕಿ ಮಾಡುವ ಕೇಕಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಅಷ್ಟು ಸಣ್ಣ ಉರಿ ಅಲ್ಲಿ ನಿಲ್ಲದೆ ಹೊರಗೆ ಕಂದಿ ಒಳಗೆ ಹಸಿ ಉಳಿಯುತ್ತದೆ. ಕರೆಂಟು ಹೋಗಿ ಅರೆಬರೆ ಒಣಗಿದ್ದನ್ನು ಮಕ್ಕಳಿಗೆ ಕೊಡಬೇಡಿ. ಮಳೆಗಾಲದಲ್ಲಿ ಮಾಡುವ ಗೋಜೇ ಬೇಡ. ಸಕ್ಕರೆ ಗಾಳಿಯ ತೇವ ಹೀರಿ ಬಿಲ್ಲೆ ಅಂಟಂಟಾಗುತ್ತದೆ.

ಹಸಿ ಮೊಟ್ಟೆಯ ಮಾತು ಬಂದುದರಿಂದ ತಾಲೀಮಿನ ಹುಡುಗರಿಗೂ ಒಂದು ಮಾತು. ಹಸಿ ಮೊಟ್ಟೆ ನುಂಗಿದರೆ ಶಕ್ತಿ ಹೆಚ್ಚು ಎಂಬುದು ಸುಳ್ಳು. ಬೆಲ್ಜಿಯಂನ ವೈದ್ಯರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೇಯಿಸಿದ ಮೊಟ್ಟೆಯ ಪ್ರೊಟೀನು ಶೇಕಡ 90ರಷ್ಟು ಜೀರ್ಣವಾದರೆ ಹಸಿಯದು ಶೇಕಡ 50ರಷ್ಟು ಮಾತ್ರ ಆಗಿತ್ತು.

ಬಣ್ಣ ಹಾಕುವ ಆಸೆಯನ್ನೂ ಬಿಡಿ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಬಾಂಬೆ ಮಿಠಾಯಿಯನ್ನು ನಿಷೇಧಿಸಿದ್ದು ಅದರಲ್ಲಿ ರೋಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿದ್ದರಿಂದ. ಹೆಸರಿಲ್ಲದ ಪೊಟ್ಟಣದ ಬಣ್ಣವನ್ನು ಮನೆಯೊಳಗೆ ತರಬೇಡಿ. ಬೆಳ್ಳಗಿದ್ದರೇ ಚೆಂದ.

ಮೊಟ್ಟೆ ಅಲರ್ಜಿಯ ಮಗುವಿಗೆ ಇದನ್ನು ಕೊಡಲೇಬಾರದು. ಕೇಕ್ ತಿಂದು ಏನೂ ಆಗದ ಕೆಲವು ಮಕ್ಕಳಿಗೂ ಮೆರಾಂಗ್‌ನಿಂದ ಮೈ ದದ್ದು, ತುಟಿ ಊತ, ವಾಂತಿ, ಉಬ್ಬಸ ಬರಬಹುದು. ಮೈದಾದೊಂದಿಗೆ ಹದವಾಗಿ ಬೆಂದ ಮೊಟ್ಟೆಗೂ ಇಲ್ಲಿನ ಮೊಟ್ಟೆಗೂ ವ್ಯತ್ಯಾಸವಿದೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮೊಟ್ಟೆ ಮುಟ್ಟದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಅವರಲ್ಲಿ ಕೆಲವರು ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಕಡೆದು ಇದೇ ತಿಂಡಿ ಮಾಡಬಹುದೆಂದು ಕೇಳಿರಬಹುದು. ನಿಜ, 2014–15ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಆಸಕ್ತರು ಇದನ್ನು ಕಂಡುಕೊಂಡರು. ಮೊಟ್ಟೆಯ ಅಪಾಯ ಅಲ್ಲಿಲ್ಲ. ಆದರೆ ಸಕ್ಕರೆಯ ಲೆಕ್ಕ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ.

ಒಂದು ದಿನ ಗೊತ್ತು ಮಾಡಿ

ಹಾಗಾದರೆ ಮಾಡಲೇಬಾರದೆ? ಮಾಡಿ. ಅಮ್ಮನ ಜೊತೆ ನಿಂತು ನೊರೆ ಏಳುವುದನ್ನು ನೋಡುವ ಮಗುವಿನ ಸಂತೋಷವನ್ನು ಕಸಿದುಕೊಳ್ಳಲು ಯಾವ ವೈದ್ಯನಿಗೂ ಹಕ್ಕಿಲ್ಲ. ಆದರೆ ಕುಸುರೆಳ್ಳಿಗೆ ಇದ್ದಂತೆ ಇದಕ್ಕೂ ಒಂದು ದಿನ ಗೊತ್ತು ಮಾಡಿ: ಹುಟ್ಟುಹಬ್ಬ, ಪರೀಕ್ಷೆ ಮುಗಿದ ದಿನ, ನೆಂಟರು ಬಂದ ದಿನ. ಮೂವತ್ತರ ಬದಲು ಬೋರೆಹಣ್ಣಿನ ಗಾತ್ರದ ಅರವತ್ತು ಬಿಲ್ಲೆ ಮಾಡಿ; ಒಂದೊಂದರ ಸಕ್ಕರೆ ಎರಡೂವರೆ ಗ್ರಾಂಗೆ ಇಳಿಯುತ್ತದೆ. ಮಕ್ಕಳಿಗೆ ಎರಡು ಮೂರು ಸಾಕು. ಅದನ್ನೂ ಊಟವಾದ ಕೂಡಲೆ ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ. ದಿನವಿಡೀ ಬಾಯಾಡಿಸುವ ಸಿಹಿಯೇ ಹಲ್ಲಿಗೆ ಹೆಚ್ಚು ಕೇಡು. ಉಳಿದುದನ್ನು ಅಕ್ಕಪಕ್ಕದ ಮನೆಗೆ ಹಂಚಿ. ಆದರೆ ಸಕ್ಕರೆ ಕಾಯಿಲೆಯವರ ಕೈಗೆ ಕೊಡುವಾಗ ಅದರಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳಿ.

ಆ ಹಿರಿಯರಿಗೆ ನಾನು ಗುಳಿಗೆ ಹೆಚ್ಚಿಸಲಿಲ್ಲ. ಗಾಯಕ್ಕೆ ಔಷಧ ಕೊಟ್ಟು, ಬಿಲ್ಲೆ ನಿಲ್ಲಿಸಲು ಹೇಳಿ, ವಾರ ಬಿಟ್ಟು ಬರಲು ತಿಳಿಸಿದೆ. ಒಂದು ವಾರಕ್ಕೆ ಊಟದ ನಂತರದ ಸಕ್ಕರೆ 220ಕ್ಕೆ ಬಂತು. ಮೂರನೆಯ ವಾರ 180 ಇತ್ತು, ಗಾಯವೂ ಮಾಯ್ದಿತ್ತು. ಈಗ ಅವರಿಗೆ ಸಂಜೆ ಕೊಡುವುದು ಬೇಯಿಸಿದ ಮೊಟ್ಟೆಯ ಬಿಳಿ, ಅದರ ಮೇಲೆ ಚಿಟಿಕೆ ಕರಿಮೆಣಸಿನ ಪುಡಿ. ಹಳದಿ ಮೊಮ್ಮಗಳಿಗೆ. ‘ಬಿಸ್ಕೀಟು ಯಾವಾಗ?’ ಎಂದು ಅವಳನ್ನು ಕೇಳಿದೆ. ‘ನನ್ನ ಹುಟ್ಟಿದ ಹಬ್ಬಕ್ಕ್ರೀ, ಅಜ್ಜಗ ಒಂದ’ ಎಂದಳು.

ಒಂದಕ್ಕೆ ನಾನೂ ಒಪ್ಪಿಗೆ ಕೊಟ್ಟಿದ್ದೇನೆ.